ಹುಡುಕುವ ಮೊದಲೇ ಮಾಡಿಟ್ಟ ಕೆಲಸ

ಹಳ್ಳಿಯ ಪಹಣಿ ಪುಸ್ತಕವೊಂದನ್ನು ಕಲ್ಪಿಸಿಕೊಳ್ಳಿ. ಸರ್ವೆ ನಂಬರುಗಳ ಕ್ರಮದಲ್ಲಿ ಬರೆದಿಟ್ಟ ಪುಸ್ತಕ ಅದು. ‘42ನೇ ಸರ್ವೆ ನಂಬರಿನ ಜಮೀನು ಯಾರದ್ದು?’ ಎಂದು ಕೇಳಿದರೆ ಗ್ರಾಮಲೆಕ್ಕಿಗರು ಎರಡು ಮೂರು ಸಲ ಹಾಳೆ ಮಗುಚಿ ಉತ್ತರ ಹೇಳಿಬಿಡುತ್ತಾರೆ. ಅದೇ ಪುಸ್ತಕವನ್ನು ಮುಂದಿಟ್ಟು ‘ನಿಂಗಪ್ಪನಿಗೆ ಈ ಊರಲ್ಲಿ ಎಲ್ಲೆಲ್ಲಿ ಜಮೀನಿದೆ?’ ಎಂದು ಕೇಳಿ. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಪ್ರತಿ ಸಾಲಿನ ಮೇಲೂ ಬೆರಳಾಡಿಸದೆ ಅವರು ಉತ್ತರ ಹೇಳಲಾರರು. ನಡುವೆ ನಿಂಗಪ್ಪನ ಹೆಸರು ನಾಲ್ಕು ಸಲ ಸಿಕ್ಕಿದರೂ, ಐದನೆಯದು ಇಲ್ಲವೆಂದು ಧೈರ್ಯವಾಗಿ ಹೇಳಬೇಕಾದರೆ ಕೊನೆಯ ಹಾಳೆಯನ್ನು ಮುಟ್ಟಲೇಬೇಕು. ಪುಸ್ತಕ ಒಂದೇ, ಓದುವವರು ಒಬ್ಬರೇ, ಬೇಕಾದ ಮಾಹಿತಿಯೂ ಅದರಲ್ಲೇ ಇದೆ. ಆದರೂ ಒಂದು ಪ್ರಶ್ನೆಗೆ ಅರೆ ನಿಮಿಷ ಸಾಕು, ಇನ್ನೊಂದಕ್ಕೆ ಅರ್ಧ ದಿನ ಬೇಕು. ಹಿಡುವಳಿದಾರರ ಹೆಸರಿನಲ್ಲಿ ಖಾತೆಯ ಲೆಕ್ಕವನ್ನು ಬೇರೆಯಾಗಿಯೇ ಇಡುವ ಪದ್ಧತಿಯ ಪ್ರಯೋಜನ ಇಲ್ಲಿ ತಿಳಿಯುತ್ತದೆ.

ಇಂದು ಪುಸ್ತಕದ ಜಾಗದಲ್ಲಿ ಕಂಪ್ಯೂಟರ್ ಬಂದಿದೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಪರೀಕ್ಷೆಯ ಫಲಿತಾಂಶದ ದಿನ ನಾವೆಲ್ಲ ಕೇಳುವ ಮಾತೊಂದಿದೆ: ‘ಸರ್ವರ್ ನಿಧಾನ ಇದೆ, ಸ್ವಲ್ಪ ಕಾಯಿರಿ.’ ಯಂತ್ರ ಹಳೆಯದಾಯಿತು, ಹೊಸದು ತರಿಸಿದರೆ ಸರಿಹೋಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಇಂಥ ನಿಧಾನದ ಕಾರಣ ಅನೇಕ ವೇಳೆ ಯಂತ್ರದಲ್ಲಿರುವುದಿಲ್ಲ. ಪಹಣಿ ಪುಸ್ತಕದ ಮುಂದೆ ಕುಳಿತ ಗ್ರಾಮಲೆಕ್ಕಿಗರ ಕಷ್ಟವೇ ಕಂಪ್ಯೂಟರಿನದೂ ಆಗಿರುತ್ತದೆ. ಯಾವ ಪ್ರಶ್ನೆಗೆ ಮೊದಲೇ ಸಿದ್ಧತೆ ನಡೆದಿದೆಯೋ ಅದಕ್ಕೆ ಉತ್ತರ ಕೂಡಲೇ ದೊರೆಯುತ್ತದೆ. ಸಿದ್ಧತೆ ಇಲ್ಲದ ಪ್ರಶ್ನೆ ಕಾಯಿಸುತ್ತದೆ. ಈ ಸಿದ್ಧತೆಯ ಇತಿಹಾಸ ಕಂಪ್ಯೂಟರಿಗಿಂತ ಬಹಳ ಹಳೆಯದು.

ಪುಟಸಂಖ್ಯೆ ಇಲ್ಲದ ಕಾಲದ ಸೂಚಿ

ಹದಿಮೂರನೆಯ ಶತಮಾನದ ಯುರೋಪಿನಲ್ಲಿ ಧರ್ಮೋಪದೇಶ ಮಾಡುವ ಸಂನ್ಯಾಸಿಗಳಿಗೆ ಒಂದು ತೊಡಕಿತ್ತು. ಬೈಬಲಿನಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂಬುದು ಇಡೀ ಗ್ರಂಥ ಬಾಯಿಪಾಠವಾಗಿರುವವನಿಗೆ ಮಾತ್ರ ಗೊತ್ತು. ಉಳಿದವರು ಹಾಳೆ ತಿರುವುತ್ತ ಕೂರಬೇಕು. ಪ್ಯಾರಿಸ್ಸಿನ ಸೇಂಟ್ ಜಾಕ್ ಮಠದ ಡೊಮಿನಿಕನ್ ಸಂನ್ಯಾಸಿಗಳು 1230ರ ದಶಕದಲ್ಲಿ ಸೇಂಟ್-ಶೇರ್‌ನ ಹ್ಯೂ ಎಂಬ ಗುರುವಿನ ನೇತೃತ್ವದಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಬೈಬಲಿನ ಪದಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿ, ಪ್ರತಿ ಪದದ ಎದುರು ಅದು ಬರುವ ಸ್ಥಳಗಳನ್ನೆಲ್ಲ ಬರೆದಿಟ್ಟರು.

ಅಚ್ಚಿನ ಯಂತ್ರವಿಲ್ಲದ ಕಾಲ ಅದು. ಪ್ರತಿಯಿಂದ ಪ್ರತಿಗೆ ಹಾಳೆಗಳ ಲೆಕ್ಕ ಬೇರೆ ಬೇರೆ. ಇಂದು ಬೈಬಲಿನಲ್ಲಿ ಕಾಣುವ ವಚನ ಸಂಖ್ಯೆಗಳನ್ನು ಹೊಸ ಒಡಂಬಡಿಕೆಗೆ ರಾಬೇರ್ ಎಸ್ತಿಯೆನ್ ಎಂಬ ಮುದ್ರಕ ಕೊಟ್ಟದ್ದು 1551ರಲ್ಲಿ. ಹಾಗಾದರೆ ಮುನ್ನೂರು ವರ್ಷ ಮೊದಲು ‘ಇಂಥ ಸ್ಥಳ’ ಎಂದು ತೋರಿಸುವುದು ಹೇಗೆ? ಸಂನ್ಯಾಸಿಗಳು ಪ್ರತಿ ಅಧ್ಯಾಯವನ್ನೂ ಮನಸ್ಸಿನಲ್ಲೇ ಏಳು ಭಾಗ ಮಾಡಿ, ಒಂದೊಂದು ಭಾಗಕ್ಕೆ ಒಂದೊಂದು ಅಕ್ಷರದ ಗುರುತು ಇಟ್ಟುಕೊಂಡರು. ಅಧ್ಯಾಯದ ಸಂಖ್ಯೆ, ಭಾಗದ ಅಕ್ಷರ ಇವೆರಡು ಗೊತ್ತಾದರೆ ಸಾಕು, ಯಾವ ಪ್ರತಿಯಲ್ಲಾದರೂ ಹುಡುಕುವ ಜಾಗ ಏಳನೆಯ ಒಂದು ಪಾಲಿಗೆ ಇಳಿಯುತ್ತದೆ. ಅನೇಕ ಸಂನ್ಯಾಸಿಗಳು ಸೇರಿ ಪಟ್ಟ ಶ್ರಮದಿಂದ ಮುಂದೆ ಬಂದ ಅಸಂಖ್ಯ ಓದುಗರ ಸಮಯ ಉಳಿಯಿತು.

ನಮ್ಮಲ್ಲಿಯೂ ಇದಕ್ಕೆ ಹೋಲಿಸಬಹುದಾದ ನಿದರ್ಶನವಿದೆ. ಅಮರಕೋಶದಲ್ಲಿ ಪದಗಳು ಸ್ವರ್ಗ, ಭೂಮಿ, ವನೌಷಧಿ ಎಂದು ಅರ್ಥದ ವರ್ಗಗಳಲ್ಲಿ ಜೋಡಣೆಯಾಗಿವೆ. ಅದು ಕಂಠಪಾಠ ಮಾಡುವವರಿಗೆ ಹೇಳಿದ ಗ್ರಂಥ. ನೀರಿಗೆ ಇರುವ ಹೆಸರುಗಳೆಲ್ಲ ಬೇಕೆಂದರೆ ಅಲ್ಲಿ ಒಂದೇ ಕಡೆ ಸಿಗುತ್ತವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ನಿಘಂಟು ಅಕಾರಾದಿ ಕ್ರಮದ್ದು. ಅಪರಿಚಿತ ಪದವೊಂದನ್ನು ಅದರಲ್ಲಿ ಕ್ಷಣದಲ್ಲಿ ಹುಡುಕಬಹುದು. ಆದರೆ ನೀರಿನ ಹೆಸರುಗಳೆಲ್ಲ ಬೇಕೆಂದರೆ ಇಡೀ ನಿಘಂಟನ್ನೇ ಓದಬೇಕು. ಇವೆರಡರಲ್ಲಿ ಯಾವುದು ಉತ್ತಮ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಒಂದೊಂದು ಜೋಡಣೆಯೂ ಒಂದೊಂದು ಪ್ರಶ್ನೆಗೆ ಅನುಕೂಲ ಮಾಡಿಕೊಟ್ಟು ಇನ್ನೊಂದನ್ನು ಕಷ್ಟಕ್ಕೆ ನೂಕುತ್ತದೆ.

ಒಂದೇ ಸರಕನ್ನು ಹಲವು ಬಗೆಯಲ್ಲಿ ಜೋಡಿಸುವ ಉಪಾಯ ಬಿಡಿ ಕಾರ್ಡುಗಳಿಂದ ಬಂದಿತು. ಫ್ರಾನ್ಸಿನ ಕ್ರಾಂತಿಕಾರಿ ಸರ್ಕಾರ ಚರ್ಚುಗಳ ಗ್ರಂಥಭಂಡಾರಗಳನ್ನು ವಶಪಡಿಸಿಕೊಂಡಾಗ ಅಲ್ಲಿನ ಲಕ್ಷಾಂತರ ಪುಸ್ತಕಗಳಿಗೆ ಪಟ್ಟಿ ಬೇಕಾಯಿತು. 1791ರ ನಿಯಮಾವಳಿಯಂತೆ ಒಂದೊಂದು ಪುಸ್ತಕದ ವಿವರವನ್ನು ಒಂದೊಂದು ಇಸ್ಪೀಟು ಎಲೆಯ ಹಿಂಬದಿಯಲ್ಲಿ ಬರೆಯಲಾಯಿತು. ಆ ಕಾಲದ ಇಸ್ಪೀಟು ಎಲೆಗಳ ಬೆನ್ನು ಖಾಲಿ ಇರುತ್ತಿತ್ತು. ಹೊಸ ಪುಸ್ತಕ ಬಂದರೆ ಪಟ್ಟಿಯನ್ನು ಮತ್ತೆ ಬರೆಯಬೇಕಾಗಿಲ್ಲ. ಎಲೆಯೊಂದನ್ನು ಸರಿಯಾದ ಜಾಗದಲ್ಲಿ ತೂರಿಸಿದರಾಯಿತು.

ಎಣಿಸಬಲ್ಲ, ಹುಡುಕಲಾರದ ಯಂತ್ರ

ಕಾರ್ಡಿಗೆ ರಂಧ್ರ ಕೊರೆದು ಯಂತ್ರದಿಂದ ಓದಿಸಿದ್ದು ಅಮೆರಿಕದ ಜನಗಣತಿ. 1880ರ ಗಣತಿಯಲ್ಲಿ ಸುಮಾರು 5 ಕೋಟಿ ಜನರ ವಿವರಗಳನ್ನು ಕೈಯಿಂದ ವರ್ಗೀಕರಿಸಿ ಪ್ರಕಟಿಸಲು ಏಳೆಂಟು ವರ್ಷ ಹಿಡಿಯಿತು. ಹೀಗೇ ಮುಂದುವರಿದರೆ ಒಂದು ಗಣತಿಯ ಲೆಕ್ಕ ಮುಗಿಯುವ ಮೊದಲೇ ಮುಂದಿನದು ಬಂದೀತೆಂಬ ಭಯವಿತ್ತು. ಹರ್ಮನ್ ಹಾಲರಿತ್ ಎಂಬ ಎಂಜಿನಿಯರ್ ತಲೆಗೊಂದು ರಂಧ್ರದ ಕಾರ್ಡು ಮಾಡಿ, ಅವನ್ನು ವಿದ್ಯುತ್ತಿನಿಂದ ಎಣಿಸುವ ಯಂತ್ರವನ್ನು ರೂಪಿಸಿದ. 1890ರ ಗಣತಿಯಲ್ಲಿ ಜನಸಂಖ್ಯೆ 6 ಕೋಟಿ 26 ಲಕ್ಷ ದಾಟಿತ್ತು. ಒಟ್ಟು ಸಂಖ್ಯೆ ಕೆಲವೇ ತಿಂಗಳಲ್ಲಿ ಹೊರಬಿತ್ತು. ಅವನ ಕಂಪನಿ 1911ರಲ್ಲಿ ಬೇರೆ ಕಂಪನಿಗಳೊಡನೆ ಸೇರಿ, 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು.

ಆದರೆ ಈ ಯಂತ್ರದ ವೇಗ ಎಣಿಕೆಯ ವೇಗ. ವಿಧವೆಯರೆಷ್ಟು ಎಂದು ಕೇಳಿದರೆ ಎಲ್ಲ ಕಾರ್ಡುಗಳನ್ನೂ ಓಡಿಸಬೇಕು. ಆಮೇಲೆ ಬಡಗಿಗಳೆಷ್ಟು ಎಂದು ಕೇಳಿದರೆ ಮತ್ತೆ ಮೊದಲಿನಿಂದ ಎಲ್ಲವನ್ನೂ ಓಡಿಸಬೇಕು. ಎರಡನೆಯ ಮಹಾಯುದ್ಧದ ನಂತರ ಬಂದ ಕಂಪ್ಯೂಟರುಗಳೂ ಮೊದಮೊದಲು ಹೀಗೆಯೇ ಇದ್ದವು. ಅವುಗಳ ಕಡತ ಇದ್ದದ್ದು ಕಾಂತೀಯ ಟೇಪಿನಲ್ಲಿ. ಕ್ಯಾಸೆಟ್ಟಿನ ಕೊನೆಯ ಹಾಡು ಕೇಳಬೇಕೆಂದರೆ ಟೇಪನ್ನು ಅಲ್ಲಿಯವರೆಗೆ ಸುತ್ತಲೇಬೇಕಾಗಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಹಾಗಾಗಿ ಆಗಿನ ಕಂಪ್ಯೂಟರು ಪ್ರಶ್ನೆಗಳನ್ನು ಗುಡ್ಡೆ ಹಾಕಿಕೊಂಡು, ರಾತ್ರಿ ಒಮ್ಮೆ ಟೇಪನ್ನು ಪೂರ್ತಿ ಓಡಿಸಿ ಎಲ್ಲಕ್ಕೂ ಒಟ್ಟಿಗೆ ಉತ್ತರ ಕೊಡುತ್ತಿತ್ತು. ಕೌಂಟರಿನ ಮುಂದೆ ನಿಂತ ಮನುಷ್ಯನಿಗೆ ಅದರಿಂದ ಪ್ರಯೋಜನವಿರಲಿಲ್ಲ.

1956ರಲ್ಲಿ ಐಬಿಎಂ ಹೊರತಂದ ರಾಮ್ಯಾಕ್ ಎಂಬ ವ್ಯವಸ್ಥೆ ಈ ಸ್ಥಿತಿಯನ್ನು ಬದಲಿಸಿತು. ಎರಡು ಅಡಿ ಅಗಲದ 50 ತಟ್ಟೆಗಳು ಒಂದರ ಮೇಲೊಂದು ತಿರುಗುತ್ತಿದ್ದ ಅದರ ಡಿಸ್ಕಿನಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಇಂದಿನ ಮೊಬೈಲ್ ಫೋನಿನ ಒಂದು ಫೋಟೊದಷ್ಟು! ಆದರೆ ಓದುವ ಕಡ್ಡಿ ಯಾವ ತಟ್ಟೆಗೆ ಬೇಕಾದರೂ ನೇರವಾಗಿ ಹೋಗಬಲ್ಲುದಾಗಿತ್ತು. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಲು ಅದಕ್ಕೆ ಸರಾಸರಿ 0.6 ಸೆಕೆಂಡು ಬೇಕು. ಈಗ ಹೊಸ ಪ್ರಶ್ನೆ ಹುಟ್ಟಿತು: ಎಲ್ಲಿಗೆ ಬೇಕಾದರೂ ಹೋಗಬಹುದು ಸರಿ, ಆದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುವುದು ಹೇಗೆ?

ಇದಕ್ಕೆ ಒಂದು ಉತ್ತರವನ್ನು ಐಬಿಎಂನಲ್ಲಿಯೇ ಇದ್ದ ಹ್ಯಾನ್ಸ್ ಪೀಟರ್ ಲೂನ್ 1953ರಲ್ಲೇ ಬರೆದಿಟ್ಟಿದ್ದ. ಹುಡುಕಬೇಕಾದ ಸಂಖ್ಯೆಯ ಅಂಕಿಗಳ ಮೇಲೆ ಒಂದು ಸಣ್ಣ ಲೆಕ್ಕ ಮಾಡಬೇಕು. ಬರುವ ಉತ್ತರವೇ ಆ ಮಾಹಿತಿಯನ್ನು ಇಟ್ಟ ಡಬ್ಬದ ಸಂಖ್ಯೆ. ಇಡುವಾಗಲೂ ಅದೇ ಲೆಕ್ಕ, ತೆಗೆಯುವಾಗಲೂ ಅದೇ ಲೆಕ್ಕ. ಹುಡುಕಾಟವೇ ಬೇಡ. ಹ್ಯಾಶಿಂಗ್ ಎಂಬ ಹೆಸರಿನಲ್ಲಿ ಇದು ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಅದರ ಕೊರತೆ ಒಂದೇ. ಅಕ್ಕಪಕ್ಕದ ಸಂಖ್ಯೆಗಳು ಎಲ್ಲೆಲ್ಲೋ ಚದುರಿಹೋಗುವುದರಿಂದ ‘ಜನವರಿಯಿಂದ ಮಾರ್ಚಿಯವರೆಗಿನ ರಸೀತಿಗಳು’ ಎಂಬಂಥ ಪ್ರಶ್ನೆಗೆ ಅದು ಕೈಚೆಲ್ಲುತ್ತದೆ.

ವಿಮಾನದ ಕಾರ್ಖಾನೆಯಲ್ಲಿ ಬೆಳೆದ ಮರ

ಕ್ರಮವನ್ನು ಕೆಡಿಸದೆ ಬೇಗ ಹುಡುಕುವ ದಾರಿ ಸಿಕ್ಕಿದ್ದು ಅಮೆರಿಕದ ಸಿಯಾಟಲ್ ನಗರದಲ್ಲಿ, ಬೋಯಿಂಗ್ ವಿಮಾನ ಕಂಪನಿಯ ಸಂಶೋಧನಾಲಯದಲ್ಲಿ. ಅಲ್ಲಿ ಕೆಲಸ ಮಾಡುತ್ತಿದ್ದ ರುಡಾಲ್ಫ್ ಬಾಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ 1970ರಲ್ಲಿ ಒಂದು ವರದಿ ಬರೆದರು. 1972ರಲ್ಲಿ ಅದು ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾಯಿತು. ತಮ್ಮ ವ್ಯವಸ್ಥೆಯನ್ನು ಅವರು ಬಿ-ಟ್ರೀ ಎಂದು ಕರೆದರು. ‘ಬಿ’ ಎಂದರೆ ಬೋಯಿಂಗೇ, ಬಾಯರೇ ಅಥವಾ ಸಮತೋಲದ ಇಂಗ್ಲಿಷ್ ಪದದ ಮೊದಲಕ್ಷರವೇ ಎಂಬುದನ್ನು ಅವರು ಕೊನೆಗೂ ಬಿಡಿಸಿ ಹೇಳಲಿಲ್ಲ.

ಅದರ ತತ್ತ್ವ ನಮಗೆ ಹೊಸದೇನಲ್ಲ. ರಾಜ್ಯದಲ್ಲಿ ಒಂದು ಜಮೀನನ್ನು ಹುಡುಕುವುದು ಹೇಗೆ? ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು. ಐದು ಮೆಟ್ಟಿಲು ಇಳಿದರೆ ಕೋಟ್ಯಂತರ ತುಂಡುಗಳಲ್ಲಿ ಒಂದು ತುಂಡು ಕಣ್ಣ ಮುಂದೆ ಬರುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ಉಳಿದೆಲ್ಲ ದಾರಿಗಳನ್ನು ಕೈಬಿಡುತ್ತೇವೆ. ಮಂಡ್ಯಕ್ಕೆ ಹೋದವರು ಬೀದರಿನ ಪುಸ್ತಕ ತೆರೆಯುವುದಿಲ್ಲ.

ಪದವನ್ನು ಹುಡುಕಲು ನಿಘಂಟನ್ನು ನಡುವೆ ತೆರೆದು, ಅರ್ಧವನ್ನು ಬಿಟ್ಟು, ಉಳಿದರ್ಧವನ್ನು ಮತ್ತೆ ನಡುವೆ ತೆರೆಯುವ ಕ್ರಮವೂ ಚೆನ್ನಾಗಿಯೇ ಇದೆ. 10 ಲಕ್ಷ ನಮೂದುಗಳಲ್ಲಿ ಒಂದನ್ನು ಹೀಗೆ 20 ಹೆಜ್ಜೆಯಲ್ಲಿ ಹಿಡಿಯಬಹುದು. ಆದರೆ ಹೆಜ್ಜೆಗೆ 0.6 ಸೆಕೆಂಡು ತೆಗೆದುಕೊಳ್ಳುವ ಡಿಸ್ಕಿನಲ್ಲಿ 20 ಹೆಜ್ಜೆಗೆ 12 ಸೆಕೆಂಡು ಬೇಕು. ಬಾಯರ್ ಮತ್ತು ಮೆಕ್‌ಕ್ರೈಟ್ ಮೆಟ್ಟಿಲುಗಳನ್ನೇ ಕಡಿಮೆ ಮಾಡಿದರು. ಡಿಸ್ಕಿನಿಂದ ಒಂದು ಸಲಕ್ಕೆ ಒಂದು ನಮೂದು ಓದುವ ಬದಲು ಒಂದು ಪುಟವನ್ನೇ ಓದಬೇಕು. ಆ ಪುಟದಲ್ಲಿ ಇನ್ನೂರು ಕವಲುಗಳ ಕೈಕಂಬ ಇರಬೇಕು. ಆಗ ಎರಡು ಮೆಟ್ಟಿಲಿನಲ್ಲಿ 40 ಸಾವಿರ, ಮೂರರಲ್ಲಿ 80 ಲಕ್ಷ, ನಾಲ್ಕರಲ್ಲಿ 160 ಕೋಟಿ ನಮೂದುಗಳನ್ನು ತಲುಪಬಹುದು. ಭಾರತದ ಜನಸಂಖ್ಯೆಗಿಂತ ದೊಡ್ಡ ಪಟ್ಟಿಯಲ್ಲಿ ಒಬ್ಬರನ್ನು ಹುಡುಕಲು ನಾಲ್ಕು ಪುಟ ತೆರೆದರೆ ಸಾಕು.

ಇನ್ನೊಂದು ಜಾಣ್ಮೆ ಅದರ ಬೆಳವಣಿಗೆಯಲ್ಲಿದೆ. ಪುಟ ತುಂಬಿದರೆ ಅದು ಎರಡಾಗಿ ಒಡೆಯುತ್ತದೆ, ಆ ಸುದ್ದಿಯನ್ನು ಮೇಲಿನ ಪುಟದಲ್ಲಿ ಗುರುತು ಮಾಡುತ್ತದೆ. ಜನ ಹೆಚ್ಚಾದಾಗ ತಾಲ್ಲೂಕನ್ನು ಎರಡು ಮಾಡಿ ಜಿಲ್ಲೆಯ ಪಟ್ಟಿಯಲ್ಲಿ ಸೇರಿಸುವ ಹಾಗೆ. ಮೇಲಿನದೂ ತುಂಬಿದರೆ ಅದೂ ಒಡೆಯುತ್ತದೆ. ಹೀಗಾಗಿ ಮರದ ಎಲ್ಲ ಎಲೆಗಳೂ ಬೇರಿನಿಂದ ಒಂದೇ ದೂರದಲ್ಲಿ ಉಳಿಯುತ್ತವೆ. ಒಂದು ಲಕ್ಷ ನಮೂದುಗಳ ಸೂಚಿಯಲ್ಲಿ ತಮ್ಮ ಯಂತ್ರ ಸೆಕೆಂಡಿಗೆ ಕನಿಷ್ಠ 4 ಕೆಲಸ ನಿಭಾಯಿಸಬಲ್ಲದೆಂದು ಆ ಇಬ್ಬರು ಹೇಳಿದರು. 15 ಲಕ್ಷ ನಮೂದುಗಳಿದ್ದರೂ ಕನಿಷ್ಠ 2 ಸಾಧ್ಯ ಎಂಬುದು ಅವರ ಅಂದಾಜು. ಸರಕು ಹದಿನೈದು ಪಟ್ಟು ಹೆಚ್ಚಿದರೂ ವೇಗ ಇಳಿಯುವುದು ಅರ್ಧಕ್ಕೆ ಮಾತ್ರ. ಇದರ ಬೆಲೆ ಅಲ್ಲಿದೆ. ಇಂದು ಜಗತ್ತಿನ ಬಹುಪಾಲು ಡೇಟಾಬೇಸುಗಳ ಸೂಚಿಗಳು ಈ ಮರದ ಸಂತಾನವೇ.

ಏನು ಬೇಕೆಂದು ಹೇಳಿ, ದಾರಿ ನನಗೆ ಬಿಡಿ

ಸೂಚಿ ಸಿದ್ಧವಾದರೂ ಅದನ್ನು ಬಳಸಿಕೊಳ್ಳುವ ಹೊಣೆ 1960ರ ದಶಕದಲ್ಲಿ ಪ್ರೋಗ್ರಾಂ ಬರೆಯುವವನ ತಲೆಯ ಮೇಲಿತ್ತು. ಚಾರ್ಲ್ಸ್ ಬಾಕ್‌ಮನ್ ಎಂಬಾತ ಜನರಲ್ ಎಲೆಕ್ಟ್ರಿಕ್ ಕಂಪನಿಗೆ ಕಟ್ಟಿಕೊಟ್ಟ ಡೇಟಾಬೇಸಿನಲ್ಲಿ ಒಂದು ದಾಖಲೆಯಿಂದ ಇನ್ನೊಂದಕ್ಕೆ ಕೊಂಡಿಗಳಿದ್ದವು. ಪ್ರೋಗ್ರಾಮರ್ ನಾವಿಕನಂತೆ ಕೊಂಡಿಯಿಂದ ಕೊಂಡಿಗೆ ಸಾಗಬೇಕಿತ್ತು. ಚಂದ್ರನಲ್ಲಿಗೆ ಹೋದ ಅಪೋಲೊ ನೌಕೆಯ ಬಿಡಿಭಾಗಗಳ ಲೆಕ್ಕಕ್ಕಾಗಿ ಐಬಿಎಂ ಮಾಡಿದ ವ್ಯವಸ್ಥೆ ವಂಶವೃಕ್ಷದಂತಿತ್ತು. ಈ ಭಾಗದೊಳಗೆ ಏನೇನಿದೆ ಎಂಬುದಕ್ಕೆ ಉತ್ತರ ಸುಲಭ. ಈ ಬೋಲ್ಟು ಎಲ್ಲೆಲ್ಲಿ ಬಳಕೆಯಾಗಿದೆ ಎಂಬುದು ಕಷ್ಟ. ದಾಖಲೆಗಳ ಜೋಡಣೆ ಬದಲಾದರೆ ಬರೆದಿಟ್ಟ ಪ್ರೋಗ್ರಾಮುಗಳನ್ನೆಲ್ಲ ತಿದ್ದಬೇಕಿತ್ತು.

ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಇದನ್ನು ಒಪ್ಪಲಿಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ವಿಮಾನ ಹಾರಿಸಿ, ಗಣಿತ ಕಲಿತ ಆತ 1970ರ ಜೂನ್ ತಿಂಗಳ ಲೇಖನವೊಂದರಲ್ಲಿ ಸರಳವಾದ ವಾದ ಮುಂದಿಟ್ಟ. ಮಾಹಿತಿಯೆಲ್ಲ ಸಾಲು ಮತ್ತು ಕಲಮುಗಳ ಕೋಷ್ಟಕದಲ್ಲಿರಲಿ. ಕೇಳುವವನು ತನಗೆ ಏನು ಬೇಕೆಂದಷ್ಟೇ ಹೇಳಲಿ. ಹೇಗೆ ಹುಡುಕಬೇಕೆಂಬುದನ್ನು ಯಂತ್ರವೇ ನಿರ್ಧರಿಸಲಿ. ಹೋಟೆಲಿನಲ್ಲಿ ಮಸಾಲೆದೋಸೆ ಎಂದು ಹೇಳಿದರೆ ಸಾಕು; ಒಲೆ ಯಾವುದು, ಕಾವಲಿ ಯಾವುದು ಎಂದು ಗಿರಾಕಿ ಹೇಳಬೇಕಿಲ್ಲ.

ಕೇಳಲು ಚೆನ್ನಾಗಿದೆ, ಆದರೆ ಇದು ಆಮೆಯ ವೇಗದ್ದಾಗುತ್ತದೆ ಎಂದು ಹಲವರು ಆಕ್ಷೇಪಿಸಿದರು. 1974ರಲ್ಲಿ ಕಾಡ್ ಮತ್ತು ಬಾಕ್‌ಮನ್ ಸಭೆಯೊಂದರಲ್ಲಿ ಎದುರುಬದುರಾಗಿ ವಾದಿಸಿದರು. ದಾರಿ ಬಲ್ಲ ಮನುಷ್ಯನಷ್ಟು ಚೆನ್ನಾಗಿ ಯಂತ್ರ ದಾರಿ ಹುಡುಕೀತೇ ಎಂಬುದು ಪ್ರಶ್ನೆ. ವಾದದಿಂದ ಅದು ಬಗೆಹರಿಯುವಂಥದಲ್ಲ, ಮಾಡಿ ತೋರಿಸಬೇಕಿತ್ತು. ಅದೇ ವರ್ಷ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಪ್ರಶ್ನೆ ಕೇಳುವ ಭಾಷೆಯೊಂದನ್ನು ರೂಪಿಸಿದರು. ಮುಂದೆ ಎಸ್‌ಕ್ಯೂಎಲ್ ಎಂದು ಪ್ರಸಿದ್ಧವಾದದ್ದು ಅದೇ. ದಾರಿ ಹುಡುಕುವ ಕೆಲಸವನ್ನು ಪೆಟ್ರೀಷಿಯಾ ಸೆಲಿಂಜರ್ ಮತ್ತು ಅವರ ನಾಲ್ವರು ಜತೆಗಾರರು 1979ರ ಲೇಖನದಲ್ಲಿ ವಿವರಿಸಿದರು.

ಅವರ ಕ್ರಮ ಅನುಭವಿ ಗುಮಾಸ್ತನ ಕ್ರಮದಂತೆಯೇ ಇದೆ. ಒಂದು ಜಿಲ್ಲೆಯ ವಿದ್ಯಾರ್ಥಿವೇತನದ ಕಡತದಲ್ಲಿ ‘ನವಲಗುಂದ ತಾಲ್ಲೂಕಿನ, ಎಂಜಿನಿಯರಿಂಗ್ ಓದುವ, ಇನ್ನೂ ಹಣ ತಲುಪದ ವಿದ್ಯಾರ್ಥಿಗಳು ಯಾರು’ ಎಂದು ಕೇಳಿದೆವೆನ್ನಿ. ಹಣ ತಲುಪದವರು ಹತ್ತೇ ಮಂದಿ ಇದ್ದರೆ ಮೊದಲು ಆ ಹತ್ತು ಜನರನ್ನು ತೆಗೆದುಕೊಂಡು ಉಳಿದದ್ದನ್ನು ನೋಡುವುದು ಜಾಣತನ. ಹಣವೇ ಬಿಡುಗಡೆಯಾಗದೆ ಹತ್ತು ಸಾವಿರ ಜನ ಉಳಿದಿದ್ದರೆ ತಾಲ್ಲೂಕಿನಿಂದ ಆರಂಭಿಸುವುದು ಮೇಲು. ಪ್ರಶ್ನೆ ಅದೇ ಇದ್ದರೂ ಒಳ್ಳೆಯ ದಾರಿ ಯಾವುದೆಂಬುದು ಕಡತದೊಳಗಿನ ಸಂಖ್ಯೆಗಳನ್ನು ಅವಲಂಬಿಸಿದೆ. ಆದ್ದರಿಂದ ಸೆಲಿಂಜರ್ ಅವರ ವ್ಯವಸ್ಥೆ ಪ್ರತಿ ಕೋಷ್ಟಕದಲ್ಲಿ ಎಷ್ಟು ಸಾಲುಗಳಿವೆ, ಸೂಚಿಯಲ್ಲಿ ಎಷ್ಟು ಬೇರೆ ಬೇರೆ ಹೆಸರುಗಳಿವೆ ಎಂಬ ಅಂಕಿಅಂಶ ಇಟ್ಟುಕೊಂಡು, ಸಾಧ್ಯವಿರುವ ದಾರಿಗಳಿಗೆಲ್ಲ ಖರ್ಚು ಲೆಕ್ಕ ಹಾಕಿ, ಅಗ್ಗವಾದುದನ್ನು ಆರಿಸುತ್ತಿತ್ತು. ಅಂಕಿಅಂಶವೇ ಇಲ್ಲದಿದ್ದರೆ? ‘ಇಂಥದಕ್ಕೆ ಸಮ’ ಎಂಬ ಷರತ್ತಿಗೆ ಹತ್ತರಲ್ಲಿ ಒಂದು ಪಾಲು, ‘ಇದಕ್ಕಿಂತ ಹೆಚ್ಚು’ ಎಂಬುದಕ್ಕೆ ಮೂರರಲ್ಲಿ ಒಂದು ಪಾಲು ಸಾಲುಗಳು ಹೊಂದುತ್ತವೆ ಎಂದು ಹಿಡಿಯುತ್ತಿತ್ತು. ಇದು ಊಹೆ ಎಂಬುದನ್ನು ಅವರು ಮುಚ್ಚಿಡಲಿಲ್ಲ.

ಹೀಗೆ ಆಕ್ಷೇಪಕ್ಕೆ ಉತ್ತರ ಸಿಕ್ಕಿತು. 1979ರಲ್ಲಿ ಒರಾಕಲ್, 1983ರಲ್ಲಿ ಐಬಿಎಂನ ಡಿಬಿ2 ಮಾರುಕಟ್ಟೆಗೆ ಬಂದವು. ಕಾಡ್‌ಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಬಾಕ್‌ಮನ್‌ಗೆ ಅದು 1973ರಲ್ಲೇ ಸಂದಿತ್ತು.

ಈಗಲೂ ನಿಧಾನ ಏಕೆ?

ಇಷ್ಟೆಲ್ಲ ಆದ ಮೇಲೂ ಕಂಪ್ಯೂಟರು ಕಾಯಿಸುವುದು ಏಕೆ? ದಾರಿಯನ್ನು ಯಂತ್ರಕ್ಕೆ ಬಿಟ್ಟ ಮೇಲೆ ಕೇಳುವವರು ದಾರಿಯ ಯೋಚನೆಯನ್ನೇ ಮರೆತುಬಿಟ್ಟದ್ದು ಒಂದು ಮುಖ್ಯ ಕಾರಣ.

ಮೊದಲನೆಯದಾಗಿ, ಸೂಚಿಯೇ ಇಲ್ಲದಿರುವುದು. ನೂರು ಸಾಲುಗಳಿದ್ದಾಗ ಎಲ್ಲವನ್ನೂ ಓದಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ. ಸಾಲುಗಳು ಕೋಟಿ ದಾಟಿದ ದಿನ ಬಣ್ಣ ಬಯಲಾಗುತ್ತದೆ.

ಎರಡನೆಯದಾಗಿ, ಸೂಚಿ ಇದ್ದರೂ ಅದು ಉಪಯೋಗಕ್ಕೆ ಬಾರದಂತೆ ಪ್ರಶ್ನೆ ಕೇಳುವುದು. ಟೆಲಿಫೋನ್ ಡೈರೆಕ್ಟರಿಯಲ್ಲಿ ‘ರಾಮ’ ಎಂದು ಆರಂಭವಾಗುವ ಹೆಸರುಗಳು ಒಟ್ಟಿಗೆ ಸಿಗುತ್ತವೆ. ‘ಗೌಡ’ ಎಂದು ಮುಗಿಯುವ ಹೆಸರುಗಳು ಬೇಕೆಂದರೆ ಇಡೀ ಪುಸ್ತಕ ಓದಬೇಕು. ಹಾಗೆಯೇ ತಾರೀಕಿನ ಸೂಚಿ ಇರುವಾಗ ‘ಪ್ರತಿ ತಾರೀಕಿನಿಂದ ಇಸವಿಯನ್ನು ಬಿಡಿಸಿ, 2020 ಆಗಿದೆಯೇ ನೋಡು’ ಎಂದರೆ ಯಂತ್ರ ಒಂದೊಂದು ಸಾಲನ್ನೂ ಬಿಡಿಸುತ್ತ ಕೂರುವುದೇ ಹೆಚ್ಚು. ‘2020ರ ಜನವರಿ 1ರಿಂದ ಡಿಸೆಂಬರ್ 31ರವರೆಗೆ’ ಎಂದರೆ ಸೂಚಿಯಲ್ಲಿ ನೇರವಾಗಿ ಆ ಜಾಗಕ್ಕೆ ಹೋಗಬಲ್ಲದು.

ಮೂರನೆಯದಾಗಿ, ಸ್ಕ್ರಿಪ್ಟ್ ಎಂದು ಕರೆಯುವ ಪುಟ್ಟ ಆದೇಶಪಟ್ಟಿಗಳಲ್ಲಿ ಬಹಳ ಕಾಣುವ ದೋಷ. 5,000 ವಿದ್ಯಾರ್ಥಿಗಳ ಪಟ್ಟಿ ತರಿಸಿಕೊಂಡು, ಆಮೇಲೆ ಒಬ್ಬೊಬ್ಬರ ಬ್ಯಾಂಕ್ ಖಾತೆಯನ್ನೂ ಬೇರೆ ಬೇರೆಯಾಗಿ ಕೇಳುವುದು. ಇದು ಸಾಮಾನಿನ ಚೀಟಿ ಕೈಯಲ್ಲಿದ್ದರೂ ಹುಡುಗನನ್ನು ಉಪ್ಪಿಗೊಮ್ಮೆ, ಬೇಳೆಗೊಮ್ಮೆ, ಬೆಲ್ಲಕ್ಕೊಮ್ಮೆ ಅಂಗಡಿಗೆ ಅಟ್ಟಿದ ಹಾಗೆ. ಅಂಗಡಿಯವನು ಎಷ್ಟೇ ಚುರುಕಾಗಿದ್ದರೂ ದಾರಿ ಸವೆಸುವ ಹೊತ್ತು ಹೊತ್ತೇ. ಜತೆಗೆ ಖಾತೆಗಳ ಕೋಷ್ಟಕಕ್ಕೆ ಸೂಚಿಯೂ ಇಲ್ಲವೆನ್ನಿ. 5,000 ಸಲ 5,000 ಸಾಲು, ಅಂದರೆ ಎರಡೂವರೆ ಕೋಟಿ ಸಾಲು ಓದಬೇಕಾಗುತ್ತದೆ. ಎರಡೂ ಕೋಷ್ಟಕಗಳನ್ನು ಜೋಡಿಸಿ ಒಂದೇ ಪ್ರಶ್ನೆಯಾಗಿ ಕೇಳಿದರೆ ಅದೇ ಕೆಲಸ ಕ್ಷಣಾರ್ಧದಲ್ಲಿ ಮುಗಿಯಬಹುದು.

ನಾಲ್ಕನೆಯದು ಹಳಸಿದ ಅಂಕಿಅಂಶ. ಕೋಷ್ಟಕ ನೂರು ಪಟ್ಟು ಬೆಳೆದಿದ್ದರೂ ಯಂತ್ರದ ಲೆಕ್ಕ ಹಳೆಯದೇ ಆಗಿದ್ದರೆ, ಹೋದ ವರ್ಷದ ಎಣಿಕೆ ನೋಡಿ ಈ ವರ್ಷದ ಜಾತ್ರೆಗೆ ಅಕ್ಕಿ ಹಾಕಿದಂತಾಗುತ್ತದೆ.

ಇವುಗಳಲ್ಲಿ ಯಾವುದು ಕಾರಣವೆಂದು ಊಹಿಸುತ್ತ ಕೂರಬೇಕಿಲ್ಲ. ‘ಈ ಪ್ರಶ್ನೆಗೆ ಯಾವ ದಾರಿ ಹಿಡಿಯುತ್ತೀಯ?’ ಎಂದು ಯಂತ್ರವನ್ನೇ ಕೇಳುವ ‘ಎಕ್ಸ್‌ಪ್ಲೇನ್’ ಎಂಬ ಆದೇಶ ಇಂದಿನ ಹೆಚ್ಚಿನ ಡೇಟಾಬೇಸುಗಳಲ್ಲಿದೆ. ಯಾವ ಕೋಷ್ಟಕವನ್ನು ಪೂರ್ತಿ ಓದುತ್ತಿದೆ, ಯಾವ ಸೂಚಿಯನ್ನು ಬಳಸುತ್ತಿದೆ ಎಂಬುದನ್ನು ಅದು ಒಪ್ಪಿಸುತ್ತದೆ. ರೋಗ ತಿಳಿಯದೆ ಔಷಧಿ ಕೊಡುವುದಕ್ಕಿಂತ, ದೊಡ್ಡ ಯಂತ್ರಕ್ಕೆ ಹಣ ಸುರಿಯುವುದಕ್ಕಿಂತ ಇದು ಅಗ್ಗ.

ಹಾಗಾದರೆ ಇರುವ ಕಲಮುಗಳಿಗೆಲ್ಲ ಸೂಚಿ ಕಟ್ಟಿಬಿಡಬಾರದೇಕೆ? ಇಲ್ಲಿ ಸಂನ್ಯಾಸಿಗಳ ಶ್ರಮವನ್ನು ನೆನೆಯಬೇಕು. ಹುಡುಕುವವನಿಗೆ ಉಳಿದ ಸಮಯವನ್ನು ಬರೆಯುವವನು ತೆತ್ತಿರುತ್ತಾನೆ. ಒಂದು ಕೋಷ್ಟಕಕ್ಕೆ ಹತ್ತು ಸೂಚಿಗಳಿದ್ದರೆ, ಹೊಸ ಸಾಲು ಸೇರಿಸಿದಾಗಲೆಲ್ಲ ಹನ್ನೊಂದು ಕಡೆ ಬರೆಯಬೇಕು. ಯಾವ ಪ್ರಶ್ನೆ ಪದೇ ಪದೇ ಬರುತ್ತದೆ, ಯಾವುದು ವರ್ಷಕ್ಕೊಮ್ಮೆ ಬರುತ್ತದೆ ಎಂದು ತೂಗಿ ನೋಡಿ ಸೂಚಿ ಕಟ್ಟಬೇಕು. ಆ ತೀರ್ಮಾನ ಯಂತ್ರದ್ದಲ್ಲ, ಮನುಷ್ಯರದು.

ಯಾರ ಸಮಯ?

ಈ ತೀರ್ಮಾನದ ಹಿಂದಿರುವ ನೀತಿಯನ್ನು ಸ್ಪಷ್ಟವಾಗಿ ಹೇಳಿದವರೊಬ್ಬರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಗಣಿತದ ಅಧ್ಯಾಪಕರಾಗಿದ್ದ ಎಸ್.ಆರ್. ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಅವರು ಗ್ರಂಥಾಲಯ ಶಾಸ್ತ್ರಕ್ಕೆ ಐದು ಸೂತ್ರಗಳನ್ನು ಹಾಕಿಕೊಟ್ಟರು. ನಾಲ್ಕನೆಯ ಸೂತ್ರ ಓದುಗನ ಸಮಯ ಉಳಿಸಬೇಕೆಂಬುದರ ಕುರಿತದ್ದು. ಐದನೆಯದು ಗ್ರಂಥಾಲಯ ಜೀವಿಯಂತೆ ಬೆಳೆಯುತ್ತಲೇ ಇರುತ್ತದೆ ಎಂಬುದರ ಕುರಿತದ್ದು. ಒಂದೇ ಪುಸ್ತಕವನ್ನು ಅದರ ವಿಷಯದ ಹಲವು ಮುಖಗಳಿಂದ ತಲುಪಲು ಬರುವ ವರ್ಗೀಕರಣವನ್ನೂ ಸರಪಳಿ ಸೂಚಿಯನ್ನೂ ಅವರು ರೂಪಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ ಅವರು 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಬಾಯರ್ ಮತ್ತು ಮೆಕ್‌ಕ್ರೈಟ್ ಅವರ ಲೇಖನ ಪ್ರಕಟವಾದದ್ದೂ ಅದೇ ವರ್ಷ. ಒಬ್ಬರ ಕೆಲಸ ಇನ್ನೊಬ್ಬರಿಂದ ಬಂದದ್ದಲ್ಲ. ಆದರೆ ಸರಕು ಬೆಳೆಯುತ್ತಲೇ ಹೋಗುತ್ತದೆ, ಹುಡುಕುವವರ ಹೊತ್ತು ಬೆಳೆಯಬಾರದು ಎಂಬ ಕಾಳಜಿ ಎರಡೂ ಕಡೆ ಒಂದೇ.

ಆರಂಭದ ಪಹಣಿ ಪುಸ್ತಕಕ್ಕೂ ಈ ಮಾತು ಸಲ್ಲುತ್ತದೆ. 2000ದ ಸುಮಾರಿಗೆ ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಜಮೀನು ದಾಖಲೆಗಳು ಕಂಪ್ಯೂಟರಿಗೆ ಬಂದವು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿಗೆ ಪಹಣಿ ಕೈಸೇರುವಂತಾಯಿತು. ಸರ್ವೆ ನಂಬರಿನ ಕ್ರಮ ಹುಟ್ಟಿದ್ದು ಕಂದಾಯ ವಸೂಲಿಯ ಅನುಕೂಲಕ್ಕೆ. ಈ ತುಂಡಿನ ತೆರಿಗೆ ಯಾರು ಕಟ್ಟಬೇಕು ಎಂಬುದು ಸರ್ಕಾರದ ಪ್ರಶ್ನೆ, ಅದಕ್ಕೆ ಉತ್ತರ ಯಾವಾಗಲೂ ಸಲೀಸು. ನನ್ನ ಗಂಡನ ಹೆಸರಿನಲ್ಲಿ ಎಲ್ಲೆಲ್ಲಿ ಜಮೀನಿತ್ತು ಎಂಬುದು ವಿಧವೆಯ ಪ್ರಶ್ನೆ. ಸರ್ವೆ ನಂಬರು ಗೊತ್ತಿಲ್ಲದ ಆಕೆಗೆ ಹೆಸರಿನ ಮೂಲಕ ಹುಡುಕುವ ದಾರಿಯೊಂದನ್ನು ಯಾರಾದರೂ ಮೊದಲೇ ಕಟ್ಟಿಟ್ಟಿರಬೇಕು. ಹೆಸರು ಒಂದು ಕಡೆ ನಿಂಗಪ್ಪ, ಇನ್ನೊಂದು ಕಡೆ ಲಿಂಗಪ್ಪ ಎಂದು ದಾಖಲಾಗಿದ್ದರೆ ಎಷ್ಟು ಒಳ್ಳೆಯ ಸೂಚಿಯೂ ಆಕೆಯ ಕೈಬಿಡುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಆದ್ದರಿಂದ ಕೌಂಟರಿನಾಚೆಯಿಂದ ‘ಕಾಯಿರಿ’ ಎಂಬ ಮಾತು ಬಂದಾಗ ಯಂತ್ರವೊಂದನ್ನೇ ದೂರಿ ಪ್ರಯೋಜನವಿಲ್ಲ. ಯಾರೂ ಮೊದಲೇ ಯೋಚಿಸದೆ ಬಿಟ್ಟ ಪ್ರಶ್ನೆಯನ್ನು ಅದು ಆಗ ಸಾಲು ಸಾಲಾಗಿ ಓದುತ್ತಿರಬಹುದು. ಕೇಳುವವರು ಯಾರು, ಏನು ಕೇಳಿಯಾರು ಎಂದು ಒಂದು ದಿನ ಕುಳಿತು ಯೋಚಿಸಿದ್ದರೆ ಎಷ್ಟೋ ಜನರ ಎಷ್ಟೋ ದಿನ ಉಳಿಯುತ್ತಿತ್ತು.